ಡಬ್ಬಿಯೊಳಗಿನ ಕ್ಯೂಆರ್ ಕೋಡ್

ಕುಷ್ಟಗಿಯಲ್ಲಿ ನಮ್ಮ ಮನೆಗೆ ಬಣ್ಣ ಹಚ್ಚಿಸುವಾಗ ಒಂದು ಗಮನಿಸಿದೆ. ಹೊಸ ಡಬ್ಬಿ ತೆರೆದ ಕೂಡಲೇ ಪೇಂಟರ್ ಬ್ರಷ್ ಹಿಡೀಲಿಲ್ಲ, ಫೋನ್ ಹಿಡಿದ. ಒಳಗಿದ್ದ ಕೂಪನ್ ತೆಗೆದು, ಅಂಗಿಗೆ ಒರೆಸಿ ಸ್ಕ್ಯಾನ್ ಮಾಡಿದ. ಫೋನ್ ಟಿಣ್ ಅಂತು. ಅವ್ವ ಕೇಳಿದಳು, "ಏನ್ ಬಂತೋ ತಮ್ಮಾ?" "ಏನಿಲ್ರೀ ಅಕ್ಕಾರ, ಕಂಪನಿದೊಂದ್ ಸ್ಕೀಮ್ ಐತ್ರಿ."

ನಾನು ಸುಮ್ಮನಿದ್ದೆ. ಬೆಂಗಳೂರಿನ ಏಜೆನ್ಸಿಯಲ್ಲಿ ಕೂತು ಇಂಥವೇ ಸ್ಕೀಮುಗಳಿಗೆ ಕ್ಯಾಪ್ಷನ್ ಬರೆಯೋದು ನನ್ನ ಹೊಟ್ಟೆಪಾಡು. ಸಿಮೆಂಟ್, ಪೇಂಟ್, ಪೈಪು ಮಾಡುವವರ ಮೀಟಿಂಗುಗಳಲ್ಲಿ ಗೌಂಡಿ, ಪೇಂಟರ್, ಪ್ಲಂಬರ್ ಎಲ್ಲರಿಗೂ ಒಂದೇ ಹೆಸರು: ಇನ್‌ಫ್ಲುಯೆನ್ಸರ್. ಇನ್‌ಸ್ಟಾಗ್ರಾಂ ಖಾತೆಯೇ ಇಲ್ಲದವನೂ ಇನ್‌ಫ್ಲುಯೆನ್ಸರ್. ಅವನ ಮಾತು ಕೇಳಿ ಮನೆಯವರು ದುಡ್ಡು ಬಿಚ್ಚುತ್ತಾರಲ್ಲ, ಅದಕ್ಕೆ.

ಈ ಆಟ ಹೊಸದೇನಲ್ಲ. 1959ರಲ್ಲಿ ಶುರುವಾದ ಫೆವಿಕಾಲ್ ಅಂಗಡಿಗಿಂತ ಮೊದಲು ಬಡಿಗರನ್ನು ಹುಡುಕಿಕೊಂಡು ಹೋಗಿತ್ತು. ಆಗ ಅವರು ಬಳಸುತ್ತಿದ್ದದ್ದು ಪ್ರಾಣಿಗಳ ಚರ್ಮ, ಎಲುಬಿನಿಂದ ಮಾಡಿದ, ಕಾಯಿಸಿ ಹಚ್ಚಬೇಕಾದ ಅಂಟು. ಡಬ್ಬಿ ತೆರೆದು ಹಾಗೇ ಹಚ್ಚಬಹುದಾದ ಬಿಳಿ ಅಂಟು ಬಡಿಗನ ದಿನದ ಕೆಲಸವನ್ನೇ ಹಗುರ ಮಾಡಿತು. ಆಮೇಲೆ ಫರ್ನಿಚರ್ ಡಿಸೈನಿನ ಪುಸ್ತಕ ಕೊಟ್ಟರು. ಅದನ್ನು ಬಡಿಗ ಗಿರಾಕಿಯ ಮುಂದೆ ಹರವಿ, "ಇಂಥಾದ್ ಬೇಕ್ರ್ಯಾ, ಇಂಥಾದ್ರ್ಯಾ?" ಅಂತ ಕೇಳಬಹುದಿತ್ತು. ವ್ಯಾಪಾರವೇ ಅದೂ, ಇಲ್ಲ ಅನ್ನಲ್ಲ. ಆದರೆ ಬಡಿಗನ ಕೈಗೆ ಸಿಕ್ಕದ್ದು ಅವನ ಕಸುಬಿಗೆ ಬರುವಂಥದ್ದು.

ಈಗ ಏನು ಕೊಡುತ್ತಿದ್ದೇವೆ? ಒಂದು ರಾತ್ರಿ ಕೂತು ಗೌಂಡಿಗಳಿಗೆಂದೇ ಮಾಡಿದ ಕನ್ನಡ ರೀಲುಗಳನ್ನು ಸಾಲಾಗಿ ನೋಡಿದೆ. ನಾನೇ ಬರೆದವೂ ಅದರಲ್ಲಿದ್ದವು. ಬೈಕು, ಚಿನ್ನದ ನಾಣ್ಯ, ಫಾರಿನ್ ಟೂರು, ಇಷ್ಟು ಚೀಲಕ್ಕೆ ಇಷ್ಟು ಪಾಯಿಂಟು. ಹಿಂದಿಯಿಂದ ಡಬ್ ಆದ ದನಿ "ಮೇಸ್ತ್ರಿ", "ಮರಳು", "ಗಾರೆ" ಅನ್ನುತ್ತದೆ. ನಮ್ಮ ಕಡೆ ಗೌಂಡಿ, ಉಸುಕು, ಗಿಲಾವು. ಇದು ದೊಡ್ಡ ಅಪರಾಧವಲ್ಲ, ಅರ್ಥ ಆಗುತ್ತದೆ. ತನ್ನ ಜೊತೆ ಮಾತಾಡುತ್ತಿಲ್ಲ ಅನ್ನೋದೂ ಅರ್ಥ ಆಗುತ್ತದೆ, ಅಷ್ಟೇ.

ನನ್ನ ತಕರಾರು ಬೇರೆ. ಏಪ್ರಿಲ್ ಬಿಸಿಲಿನಲ್ಲಿ ಸ್ಲ್ಯಾಬ್ ಹಾಕಿದ ಮೇಲೆ ಎಷ್ಟು ದಿನ ನೀರುಣಿಸಬೇಕು? ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಇದನ್ನು ಬಿಡಿಸಿ ಹೇಳುತ್ತದೆ. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ. ಒಣ ಬಿಸಿ ಹವೆಯಲ್ಲಿ 10. ಹಾರುಬೂದಿ ಬೆರೆಸಿದ ಸಿಮೆಂಟಾದರೆ ಅಂಥ ಹವೆಯಲ್ಲಿ 14 ದಿನ ಉಣಿಸಿ ಅನ್ನುತ್ತದೆ. ಇಂದು ಮನೆ ಕಟ್ಟಲು ಬರುವ ಚೀಲಗಳಲ್ಲಿ ಬಹಳಷ್ಟು ಈ ಬೂದಿ ಬೆರೆತದ್ದೇ. ಒಂದು ವಾರ ನೀರು ಹೊಡೆದು ಬಿಡುವ ರೂಢಿ ಮಾತ್ರ ಹಳೇ ಸಿಮೆಂಟಿನ ಕಾಲದ್ದು. ಹದಿನೈದು ಸೆಕೆಂಡಿನಲ್ಲಿ ಹೇಳಬಹುದಾದ ಮಾತಿದು. ಆ ರಾತ್ರಿ ನೋಡಿದ ಒಂದು ರೀಲಿನಲ್ಲೂ ಇರಲಿಲ್ಲ. ನಾಳೆ ಸ್ಲ್ಯಾಬ್ ಬಿರುಕು ಬಿಟ್ಟರೆ ಮನೆಯವರು ಬೈಯೋದು ಕಂಪನಿಗಲ್ಲ, ಗೌಂಡಿಗೆ.

ಜಾಹೀರಾತು ಯಾರಿಗೆ ತಲುಪುತ್ತದೆ ಅನ್ನೋದೂ ತಮಾಷೆಯೇ. ನಾವು ಮ್ಯಾಪಿನಲ್ಲಿ ಕೊಪ್ಪಳದ ಸುತ್ತ ಒಂದು ವೃತ್ತ ಎಳೆದು "ಜಿಲ್ಲೆ ಕವರ್ ಆಯ್ತು" ಅನ್ನುತ್ತೇವೆ. ಗಂಗಾವತಿ ತುಂಗಭದ್ರಾ ಕಾಲುವೆಯ ಭತ್ತದ ಸೀಮೆ, ರೈಸ್‌ಮಿಲ್ಲಿನ ಊರು. ಸುಗ್ಗಿ ಮುಗಿದು ಕೈಗೆ ದುಡ್ಡು ಬಂದಾಗ ಮನೆಗಳು ಏಳುತ್ತವೆ. ಕುಷ್ಟಗಿ, ಯಲಬುರ್ಗಾ ಮಳೆ ನಂಬಿದ ಎರೆ, ಮಸಾರಿ ಹೊಲಗಳ ನಾಡು. ಇಲ್ಲಿನ ಎಷ್ಟೋ ಹುಡುಗರು ಬೇಸಿಗೆಗೆ ಬೆಂಗಳೂರು, ಮಂಗಳೂರು, ಗೋವಾ ಅಂತ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ನಮ್ಮ ವೃತ್ತದೊಳಗಿನ ಯಲಬುರ್ಗಾದ ಗೌಂಡಿ ಆ ಹೊತ್ತಿಗೆ ನಮ್ಮ ಆಫೀಸಿನ ಹಿಂದಿನ ಅಪಾರ್ಟ್‌ಮೆಂಟಿನಲ್ಲೇ ಗಿಲಾವು ಮಾಡುತ್ತಿರಬಹುದು. ಅವನ ಫೋನಿಗೆ ಕೊಪ್ಪಳದ ಜಾಹೀರಾತು ಬರೋದಿಲ್ಲ.

ಪಾಯಿಂಟನ್ನು ಪೂರ್ತಿ ಹಳಿಯಲಾರೆ. ಮೊದಲು ಡಬ್ಬಿಯಲ್ಲಿ ಟೋಕನ್ ಇರುತ್ತಿತ್ತು, ದುಡ್ಡಿಗಾಗಿ ಅಂಗಡಿಯವರ ಮುಂದೆ ನಿಲ್ಲಬೇಕಿತ್ತು. "ನಾಳೆ ಬಾ" ಅನ್ನಿಸಿಕೊಳ್ಳದ ಪೇಂಟರ್ ಕಡಿಮೆ. ಈಗ ದುಡ್ಡು ನೇರ ಅಕೌಂಟಿಗೆ ಬರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಕೆಲಸ ಇರದವನಿಗೆ ಆ ದುಡ್ಡು ದುಡ್ಡೇ. ನಮಗೆ ಸಿಗುವ ಬೋನಸ್ಸಿಗೆ ಯಾರೂ ನೀತಿಪಾಠ ಹೇಳಲ್ಲವಲ್ಲ.

ಆದರೆ ಅವ್ವನಿಗೆ ಸಿಕ್ಕ ಉತ್ತರ "ಏನಿಲ್ರೀ". ಇದು ನನ್ನನ್ನು ಬಿಡುತ್ತಿಲ್ಲ. 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ತಂದ ಮಾರ್ಗಸೂಚಿಯ ಪ್ರಕಾರ, ವಸ್ತುವನ್ನು ಹೊಗಳುವವರಿಗೂ ಕಂಪನಿಗೂ ಲಾಭದ ನಂಟಿದ್ದರೆ ಅದನ್ನು ನೋಡುಗರಿಗೆ ಹೇಳಬೇಕು. ಅದಕ್ಕೇ ಫೇಸ್‌ವಾಶ್ ಹಿಡಿದು ನಗುವ ಹುಡುಗಿ ಮೂಲೆಯಲ್ಲಿ "ಪೇಯ್ಡ್" ಅಂತ ಹಾಕುತ್ತಾಳೆ. ನಮ್ಮ ಕಟ್ಟೆ ಮೇಲೆ ಚಾ ಕುಡೀತಾ "ಇದನ್ನ ಹಚ್ರಿ ಅಕ್ಕಾರ, ಹತ್ತ್ ವರ್ಷ ನೋಡೂದ್ ಬ್ಯಾಡ" ಅನ್ನುವ ಇನ್‌ಫ್ಲುಯೆನ್ಸರಿಗೆ ಅಂಥ ಚೀಟಿ ಯಾರೂ ಅಂಟಿಸಿಲ್ಲ. ಅವನನ್ನು ಆ ಹೆಸರಿನಿಂದ ಕರೆದವರು ನಾವು, ಚೀಟಿ ಮರೆತವರೂ ನಾವೇ. ಊರಿನಲ್ಲಿ ಅವನ ಮಾತಿಗೆ ಬೆಲೆ ಬಂದದ್ದು ಇಪ್ಪತ್ತು ವರ್ಷ ಕೈ ಸವೆಸಿದ್ದರಿಂದ. ಅದನ್ನು ಡಬ್ಬಿಗಿಷ್ಟು ಅಂತ ನಾವು ಕೊಳ್ಳುತ್ತಿದ್ದೇವೆ. ಹತ್ತು ವರ್ಷ ಅಂದ ಬಣ್ಣ ಎರಡೇ ವರ್ಷಕ್ಕೆ ಎದ್ದರೆ ಕಂಪನಿಯ ಪಾಯಿಂಟ್ ಕಡಿಮೆಯಾಗೋದಿಲ್ಲ.

ನಮ್ಮ ಮನೆ ಕಟ್ಟಿದ ಗೌಂಡಿ ಕಾಕಾನಿಗೆ ನನ್ನ ಕೆಲಸ ಏನಂತ ಹೇಳಿದಾಗ ಅವರು ಬೈಕಿನ ಸುದ್ದಿ ತೆಗೀಲಿಲ್ಲ. "ಹಂಗಾರ ಒಂದ್ ಕೇಳ್ ತಮ್ಮಾ ನಿಮ್ಮ ಕಂಪನ್ಯಾರ್ನ. ಬೋರಿನ ನೀರು ಸವಳ ಐತಿ. ಕಾಂಕ್ರೀಟಿಗೆ ನಡೀತೈತೇನು?" ಅಂದರು. ಕ್ಲೈಂಟಿಗೆ ಮೇಲ್ ಮಾಡಿದೆ. ಉತ್ತರ ಬರಲಿಲ್ಲ. ಕೊನೆಗೆ ನಾನೇ ತೆಗೆದು ನೋಡಿದೆ. ಅದೇ ಐಎಸ್ 456: ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಂ ದಾಟಬಾರದು, ಕಬ್ಬಿಣ ಇಲ್ಲದ್ದಕ್ಕೆ 2000ದವರೆಗೆ ನಡೆಯುತ್ತದೆ.

"ಬರದ್ ಕಳಸಬ್ಯಾಡ, ಮಾತಾಡಿ ಕಳಸು" ಅಂದರು. ಒಂದು ನಿಮಿಷದ ವಾಯ್ಸ್ ನೋಟ್ ಮಾಡಿದೆ. ನೀರನ್ನು ಬಾಟಲಿಯಲ್ಲಿ ಹಿಡಿದು ಟೆಸ್ಟ್ ಮಾಡಿಸೋದು, ಹೆಚ್ಚು ಬಂದರೆ ಸ್ಲ್ಯಾಬ್, ಬೀಮಿಗಾದರೂ ಟ್ಯಾಂಕರಿನ ಸಿಹಿನೀರು ತರಿಸೋದು, ಇಷ್ಟೇ. ಲೋಗೋ ಇಲ್ಲ, ಮ್ಯೂಸಿಕ್ ಇಲ್ಲ. ಕಾಕಾ ಅದನ್ನು ತಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರು. ಮರುದಿನ ಯಲಬುರ್ಗಾ ಕಡೆಯ ಗೊತ್ತಿಲ್ಲದವರೊಬ್ಬರು ಫೋನ್ ಮಾಡಿ ಕೇಳಿದ್ದು: "ಸರ, ಗ್ವಾಡಿ ಉಪ್ಪು ಬಿಡಾಕತ್ತಾವ್ರಿ. ಮ್ಯಾಲೆ ಪುಟ್ಟಿ ಹಚ್ಚಿದ್ರ ನಿಲ್ತೈತೇನ್ರಿ?"