ಬಿಟ್ಟಿ ಯಾರದು?

ಮೂಡಿಗೆರೆ ತಾಲೂಕಿನ ಗೋಣಿಬೀಡು ಕಡೆ ಕಾಫಿ ಕುಯ್ಲು ಶುರುವಾದರೆ ಬಸ್ಸಿನಲ್ಲಿ, ಹೋಟೆಲಿನಲ್ಲಿ, ತೋಟದ ಕಣದಲ್ಲಿ ಒಂದೇ ಮಾತು: ‘ಬಿಟ್ಟಿ ಅಕ್ಕಿ ಕೊಟ್ಟು ಸರ್ಕಾರ ಜನರನ್ನು ಸೋಮಾರಿ ಮಾಡಿತು, ಆಳು ಸಿಗ್ತಿಲ್ಲ.’ 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದಾಗ ಹುಟ್ಟಿದ ಈ ದೂರಿನ ದನಿ, 2023ರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಮನೆಯೊಡತಿಯ ಖಾತೆಗೆ ಬೀಳತೊಡಗಿದ ಮೇಲೆ ಇನ್ನೂ ಏರಿದೆ. ಎಸ್ಟೇಟಿನ ಸಾಹುಕಾರರು ಮಾತ್ರವಲ್ಲ, ಮೇಷ್ಟ್ರುಗಳೂ ನಮ್ಮ ಬರಹಗಾರ ಗೆಳೆಯರೂ ಇದನ್ನು ಆಡುತ್ತಾರೆ. ಆದ್ದರಿಂದ ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕಾಗಿದೆ.

ಉರ್ದು, ಕನ್ನಡ ಎರಡರಲ್ಲೂ ಓದಿದ ನಮ್ಮನ್ನು ‘ಬಿಟ್ಟಿ’ ಎಂಬ ಪದ ಕಾಡುತ್ತದೆ. ಉರ್ದುವಿನಲ್ಲಿ ಬೆಲೆ ಕೊಡದೆ ಸಿಕ್ಕಿದ್ದು ‘ಮುಫ್ತ್’; ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಂಡ ಕೆಲಸ ‘ಬೇಗಾರ್’. ಕನ್ನಡದ ಬಿಟ್ಟಿ ಈ ಎರಡನ್ನೂ ಹೊರುತ್ತದೆ. ಬಿಟ್ಟಿ ಊಟವೂ ಉಂಟು, ಬಿಟ್ಟಿ ಚಾಕರಿಯೂ ಉಂಟು. ಕೂಲಿಯವರ ಊಟ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ, ಚಾಕರಿ ಮರೆತುಹೋಗುತ್ತದೆ.

ಲೆಕ್ಕವನ್ನೇ ನೋಡೋಣ. 2023ರಲ್ಲಿ ಹೆಚ್ಚುವರಿ ಅಕ್ಕಿ ಸಿಗದಿದ್ದಾಗ ರಾಜ್ಯ ಸರ್ಕಾರ ಕಿಲೋಗೆ 34 ರೂಪಾಯಿಯಂತೆ ಹಣ ಕೊಟ್ಟಿತು. ಅದೇ ದರದಲ್ಲಿ ತಲಾ ಹತ್ತು ಕಿಲೋ ಹಿಡಿದರೆ, ಐದು ಜನರ ಕುಟುಂಬದ ತಿಂಗಳ ಅಕ್ಕಿಗೆ 1,700 ರೂಪಾಯಿ. ಗೃಹಲಕ್ಷ್ಮಿ ಸೇರಿದರೆ 3,700, ವರ್ಷಕ್ಕೆ 44,400. ಇದು ಸಾರ್ವಜನಿಕರ ದುಡ್ಡು ನಿಜ. ಆದರೆ ಇದು ಯಾರ ಬಾಕಿಯನ್ನು ತೀರಿಸುತ್ತಿದೆ?

ಕನಿಷ್ಠ ಕೂಲಿ ಹೇಗಿರಬೇಕೆಂದು 1957ರಲ್ಲೇ ಭಾರತೀಯ ಕಾರ್ಮಿಕ ಸಮ್ಮೇಳನ ನಿರ್ಧರಿಸಿತ್ತು. ದುಡಿಯುವವರ ಸಂಸಾರದ ಊಟ, ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು ಎಲ್ಲವೂ ಅದರೊಳಗೇ ಬರಬೇಕು. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪಿಗೆಂದು ಶೇ. 25 ಸೇರಿಸಬೇಕೆಂದಿತು. ಹಾಗಿದ್ದರೆ ದಿನವಿಡೀ ಹಣ್ಣು ಕುಯ್ದವಳು ಅಕ್ಕಿಗಾಗಿ ನ್ಯಾಯಬೆಲೆ ಅಂಗಡಿಯ ಮುಂದೆ ಯಾಕೆ ನಿಲ್ಲಬೇಕು? ಕೂಲಿಯೊಳಗೆ ಇರಬೇಕಾದ ಅಕ್ಕಿಯನ್ನು ಖಜಾನೆ ಕೊಡುತ್ತಿದೆ ಎಂದರೆ, ಆ ಸಹಾಯಧನದ ಒಂದು ಪಾಲು ತೋಟಕ್ಕೂ ಸಲ್ಲುತ್ತಿದೆ ಎಂದೇ ಅರ್ಥ.

ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿಯವರು, ಈ ಶತಮಾನದ ಆರಂಭದಲ್ಲಿ ಬೆಲೆ ಕುಸಿದು ಸಾಲದಲ್ಲಿ ಮುಳುಗಿದವರು ಎಂಬುದನ್ನು ನಾವು ಮರೆತಿಲ್ಲ. ಆದರೆ 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಬೆಲೆ ಬಿದ್ದಾಗ ನಷ್ಟದಲ್ಲಿ ಪಾಲು ಕೇಳುವವರು, ಬೆಲೆ ಏರಿದಾಗ ಕೂಲಿಯ ಮಾತೆತ್ತಬೇಕಲ್ಲವೇ?

ಇದು ಹಳೆಯ ಜಗಳ. 1795ರಲ್ಲಿ ಇಂಗ್ಲೆಂಡಿನ ಸ್ಪೀನ್‌ಹ್ಯಾಮ್‌ಲ್ಯಾಂಡಿನಲ್ಲಿ ಮ್ಯಾಜಿಸ್ಟ್ರೇಟರು ರೊಟ್ಟಿಯ ಬೆಲೆ ನೋಡಿಕೊಂಡು ಕೂಲಿಯ ಕೊರತೆಯನ್ನು ಊರಿನ ತೆರಿಗೆಯಿಂದ ತುಂಬಿದರು. ಇದರಿಂದ ಯಜಮಾನರು ಕೂಲಿ ತಗ್ಗಿಸಿದರು, ಬಡವರು ಸೋಮಾರಿಗಳಾದರು ಎಂಬ ದೂರುಗಳೆದ್ದವು. 1834ರ ಕಾನೂನು ಶಿಕ್ಷಿಸಿದ್ದು ಬಡವರನ್ನೇ. ನೆರವು ಬೇಕಾದವರು ವರ್ಕ್‌ಹೌಸ್ ಸೇರಬೇಕಾಯಿತು. ಯಜಮಾನರನ್ನು ಯಾರೂ ಕೇಳಲಿಲ್ಲ.

ನಮ್ಮ ಅಕ್ಕಿಗೂ ಆ ನೆರವಿಗೂ ಒಂದು ವ್ಯತ್ಯಾಸವಿದೆ. ಇಲ್ಲಿ ಕೆಲಸಕ್ಕೆ ಹೋದರೂ ಹೋಗದಿದ್ದರೂ ಅಕ್ಕಿ ಬರುತ್ತದೆ. ಆದ್ದರಿಂದ ಲೈನ್ ಮನೆಯ ಹೆಂಗಸು ‘ಇಷ್ಟು ಕಡಿಮೆ ಕೂಲಿಗೆ ಬರಲ್ಲ’ ಎನ್ನಬಲ್ಲಳು. ಸೋಮಾರಿತನ ಎಂದು ನಾವು ಕರೆಯುವುದರಲ್ಲಿ ಹೆಚ್ಚಿನ ಪಾಲು ಈ ಒಂದು ‘ಬರಲ್ಲ’.

ಹಾಗೆನ್ನಲಾಗದವರೂ ಇದ್ದಾರೆ. ಈಗ ತೋಟಗಳಿಗೆ ಅಸ್ಸಾಮಿನಿಂದ ಕೂಲಿಯವರು ಬರುತ್ತಿದ್ದಾರೆ. 2022ರ ಜೂನ್‌ನಲ್ಲಿ ಅಸ್ಸಾಂ ‘ಒಂದು ದೇಶ ಒಂದು ರೇಷನ್ ಕಾರ್ಡ್’ ವ್ಯವಸ್ಥೆಗೆ ಸೇರಿದ ಮೇಲೆ ಅವರಿಗೆ ಇಲ್ಲಿ ಕೇಂದ್ರದ ಪಡಿತರ ಸಿಗಬಹುದು. ಕರ್ನಾಟಕದ ಹೆಚ್ಚುವರಿ ಪಾಲು, ಗೃಹಲಕ್ಷ್ಮಿ ಅವರಿಗಿಲ್ಲ. ‘ಅಸ್ಸಾಮಿನವರು ಚೆನ್ನಾಗಿ ದುಡಿಯುತ್ತಾರೆ’ ಎಂದು ಮೆಚ್ಚುವಾಗ ನಾವು ಮೆಚ್ಚುತ್ತಿರುವುದು ಅವರ ದುಡಿಮೆಯನ್ನೋ, ಅಸಹಾಯಕತೆಯನ್ನೋ?

ಸಂವಿಧಾನದ 23ನೆಯ ವಿಧಿ ಬೇಗಾರನ್ನು ಹೆಸರು ಹಿಡಿದು ನಿಷೇಧಿಸಿದೆ. 1982ರಲ್ಲಿ ದೆಹಲಿಯ ಏಷ್ಯಾಡ್ ಕಾಮಗಾರಿಯ ಕೂಲಿಕಾರರ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಭಗವತಿಯವರು, ಹಸಿವಿನ ಒತ್ತಾಯಕ್ಕೆ ಸಿಕ್ಕಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ ಎಂದು ತೀರ್ಪಿತ್ತರು. ಹಸಿವು ಬಲವಂತವಾದರೆ, ಅಕ್ಕಿ ಆ ಬಲವಂತವನ್ನು ಸಡಿಲಿಸುತ್ತದೆ. ಅಕ್ಕಿಯಿಂದ ಆಳು ಕೆಟ್ಟರು ಎಂಬ ದೂರಿನೊಳಗೆ ಆ ಬಲವಂತ ತಪ್ಪಿತಲ್ಲ ಎಂಬ ಸಂಕಟವಿದೆ.

ಖಜಾನೆಯ ಹೊರೆ ಇಳಿಯಬೇಕೆನ್ನುವವರು ಅಕ್ಕಿಯ ಚೀಲಕ್ಕೆ ಕೈ ಹಾಕುವ ಮೊದಲು ತೋಟದ ಕೂಲಿ ಪುಸ್ತಕವನ್ನು ತೆರೆಸಲಿ. ಸಂಸಾರ ಸಾಗುವಷ್ಟು ಕೂಲಿ ಅದರಲ್ಲಿ ಸಿಕ್ಕರೆ, ಅಕ್ಕಿಯ ಸಾಲು ತಾನಾಗಿಯೇ ಕಿರಿದಾದೀತು.