ಪಹಣಿಯಲ್ಲಾದ ತಪ್ಪಿಗೆ ‘ಅಂಡೂ’ ಎಲ್ಲಿದೆ?

ಪತ್ರ ಟೈಪು ಮಾಡುವಾಗ ತಪ್ಪಿದರೆ ಕಂಟ್ರೋಲ್ ಜೆಡ್ ಒತ್ತುತ್ತೇವೆ. ತಪ್ಪಿನ ಗುರುತೂ ಉಳಿಯುವುದಿಲ್ಲ. ಅಳಿಸಿದ ಫೈಲು ವಿಂಡೋಸ್ 95ರಿಂದೀಚೆಗೆ ರಿಸೈಕಲ್ ಬಿನ್‌ನಲ್ಲಿ ಸಿಗುತ್ತದೆ. ಒಬ್ಬರೇ ಬಳಸುವ ಫೈಲಿಗೆ ಇಷ್ಟು ಸಾಕು. ಅಣ್ಣ, ತಮ್ಮ, ಸಾಲ ಕೊಟ್ಟ ಬ್ಯಾಂಕು, ಜಮೀನು ಕೊಂಡವರು ಎಲ್ಲರೂ ನೆಚ್ಚಿಕೊಂಡಿರುವ ಪಹಣಿಗೆ ಸಾಲದು.

ಕರ್ನಾಟಕದ ‘ಭೂಮಿ’ ತಂತ್ರಾಂಶವನ್ನು ಬೇಗ ಪಹಣಿ ಕೊಡುತ್ತದೆಂದು ಹೊಗಳಿದವರು ಬಹಳ. ತಪ್ಪಾದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ನನಗೆ ಮುಖ್ಯ. ಇಲ್ಲಿ ಅದರ ವಿನ್ಯಾಸಕ್ಕೆ ಒಳ್ಳೆಯ ಅಂಕ ಕೊಡಬೇಕು. ಹೊಸ ಮ್ಯುಟೇಷನ್ (ಖಾತೆ ಬದಲಾವಣೆ) ಹಳೆಯದನ್ನು ಅಳಿಸುವುದಿಲ್ಲ. ತನ್ನದೇ ನಂಬರಿನೊಂದಿಗೆ ಅದರ ಮೇಲೆ ಕೂರುತ್ತದೆ. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಾದ್ದರಿಂದ ‘ನಾನು ಮಾಡಿಲ್ಲ’ ಎನ್ನುವಂತಿಲ್ಲ. ಭೂಮಿ ಕೇಂದ್ರದ ಕೌಂಟರಿನಲ್ಲಿ ರೈತನ ಕಡೆಗೂ ಒಂದು ಪರದೆ ಇಟ್ಟದ್ದಂತೂ ಎಷ್ಟು ಮೆಚ್ಚಿದರೂ ಕಡಿಮೆ: ಆಪರೇಟರು ಕಾಣದ ತಪ್ಪು ಜಮೀನಿನವನ ಕಣ್ಣಿಗೆ ಬೀಳುತ್ತದೆ.

ಸೋತಿರುವುದು ಸಮಯದ ಲೆಕ್ಕದಲ್ಲಿ. ಮ್ಯುಟೇಷನ್ ಆದೇಶಕ್ಕೆ ಮುಂಚೆ ಆಕ್ಷೇಪಣೆಗೆಂದು 30 ದಿನವಿತ್ತು. ನೋಂದಾಯಿತ ಕ್ರಯಗಳಿಗೆ ಅದನ್ನು ಈಗ 7 ದಿನಕ್ಕೆ ಇಳಿಸಿದ್ದಾರೆ. ಕೊಂಡವನಿಗೆ ಅನುಕೂಲ, ನಿಜ. ಆದರೆ ತಪ್ಪನ್ನು ಸುಲಭವಾಗಿ ಸರಿಪಡಿಸಬಹುದಾದ ಹೊತ್ತು ಅದೇ. ತುಮಕೂರು ಜಿಲ್ಲೆಯ ಕೊರಟಗೆರೆ ಕಡೆಯ ಊರಿನಲ್ಲಿ ಅಂಟಿಸಿದ ನೋಟಿಸು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನಿಗೆ ವಾರದೊಳಗೆ ಗೊತ್ತಾಗುವುದೇ ಕಷ್ಟ. ಆದೇಶವನ್ನೇ ಪ್ರಶ್ನಿಸಬೇಕಾದರೆ ಅದು ಮೇಲ್ಮನವಿ: ಭೂಕಂದಾಯ ಕಾಯ್ದೆ 1964ರ 136ನೇ ಕಲಮು, ಮಧುಗಿರಿಯ ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟು, ವಕೀಲರು, ವಾಯಿದೆ. ಶಿರಾ, ಕೊರಟಗೆರೆಯವರೂ ಅಲ್ಲಿಗೇ ಬರಬೇಕು. ಬಹುಪಾಲು ಆಂಧ್ರದ ನೆಲವೇ ಸುತ್ತುವರಿದಿರುವ ಪಾವಗಡದವರಿಗೆ ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಹೋದಂತೆ.

ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಪ್ರಿಂಟು ತೆಗೆದು ಗ್ರಾಮ ಲೆಕ್ಕಿಗರಿಂದ ತಾಳೆ ನೋಡಿಸಿದ್ದರು. ಆ ಎಚ್ಚರ ಈಗ ಪ್ರತಿ ಮ್ಯುಟೇಷನ್ನಿಗೂ ಬೇಕು. ಆದೇಶಕ್ಕೆ ಮುಂಚೆ, ಮುಂದೆ ಬರಲಿರುವ ಪಹಣಿಯ ಕರಡನ್ನು ಎರಡೂ ಕಡೆಯವರ ಕೈಗೆ ಕೊಟ್ಟು ಓದಿಸಲಿ. 12 ಗುಂಟೆ 21 ಆಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಟೈಪಿಂಗ್ ತಪ್ಪಿಗೆ ಹಕ್ಕಿನ ವ್ಯಾಜ್ಯದ ಬಾಗಿಲು ತಟ್ಟಬೇಕಾಗಬಾರದು.

ಅಲ್ಲಿಯವರೆಗೆ, ಖಾತೆ ಬದಲಾವಣೆಗೆ ಅರ್ಜಿ ಹಾಕಿದವರು ಪಹಣಿ ಕೈಗೆ ಬಂದ ದಿನವೇ ಹೆಸರು, ಸರ್ವೆ ನಂಬರು, ಗುಂಟೆ ಮೂರನ್ನೂ ಕ್ರಯಪತ್ರದೊಂದಿಗೆ ತಾಳೆ ಹಾಕಿ ನೋಡಿ. ಮೇಲ್ಮನವಿಗೆ ಇರುವುದು 60 ದಿನ.