ಅಂಜೂರ ಬೆಂದ ಮೇಲೆ ಹಾಲು

ಬೇಸಿಗೆಯ ಕೊನೆಗೆ ಬಳ್ಳಾರಿಯ ತಳ್ಳುಗಾಡಿಗಳಿಗೆ ಲಿಚ್ಚಿ ಬರುತ್ತದೆ. ಬಿಹಾರದ ಮುಜಫ್ಫರಪುರದ ಕಡೆಯಿಂದ ಹೊರಟ ಹಣ್ಣು ಇಲ್ಲಿ ಮುಟ್ಟುವಷ್ಟರಲ್ಲಿ ಕೆಂಪು ಸಿಪ್ಪೆ ಕಂದಿರುತ್ತದೆ. ಷರಬತ್ತಿಗೆ ಅದೇ ಸಾಕು. ಹಸಿ ಹಣ್ಣನ್ನು ಒಲೆಯ ಮೇಲಿಡುವ ಮಾತು ಬಂದರೆ ಮಾತ್ರ ನನ್ನ ಮನಸ್ಸು ಓಡುವುದು ಕುರುಗೋಡು ಕಡೆಯ ಅಂಜೂರಕ್ಕೆ.

ಅಂಜೂರದ ಒಂದು ತಳಿಯ ಹೆಸರೇ ‘ಬಳ್ಳಾರಿ’. ಹಾಗಿದ್ದೂ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಅಂಜೂರವೆಂದರೆ ದಾರಕ್ಕೆ ಪೋಣಿಸಿದ ಒಣಹಣ್ಣು. ತಾಜಾ ಹಣ್ಣು ದೂರ ಪಯಣಿಸದು. ಮಾವಿನಂತೆ ಹುಲ್ಲಿನಲ್ಲಿ ಅಡೆ ಹಾಕಿದರೆ ಮಾಗುವ ಜಾತಿಯೂ ಅಲ್ಲ, ಕಿತ್ತಾಗ ಎಷ್ಟು ಸಿಹಿಯೋ ಅಷ್ಟೇ. ಮಾಗುವ ಹೊತ್ತಿಗೆ ಮಳೆ ಬಿದ್ದರೆ ಸೀಳುತ್ತದೆ, ಒಣಹವೆಯಲ್ಲಿ ಜೇನುಗಟ್ಟುತ್ತದೆ. ನಮ್ಮ ಬಿಸಿಲು ಅದಕ್ಕೆ ಒಗ್ಗಿದ್ದು ಹೀಗೆ. ಕೊಳ್ಳುವಾಗ ತೊಟ್ಟು ನೋಡಿ: ಕುತ್ತಿಗೆ ಬಾಗಿ, ಸಿಪ್ಪೆಯಲ್ಲಿ ಸಣ್ಣ ಬಿರುಕಿದ್ದರೆ ಅದು ಇವತ್ತಿನ ಹಣ್ಣು. ತೊಟ್ಟಿನಲ್ಲಿ ಬಿಳಿ ಹಾಲು ಜಿನುಗಿದರೆ ಅದು ಗೊಜ್ಜಿನ ಹಣ್ಣು.

ಆ ಹಾಲಿನಿಂದಲೇ ನಾನೊಮ್ಮೆ ಪಾಯಸ ಕೆಡಿಸಿದೆ. ಹಸಿ ಅಂಜೂರವನ್ನು ಜಜ್ಜಿ ಕಾದ ಹಾಲಿಗೆ ಹಾಕಿದ್ದೇ ತಡ, ಹಾಲು ಒಡೆದು ನೀರು ಬೇರೆ, ಗಿಣ್ಣಿನಂಥ ಗರಣೆ ಬೇರೆ ಆಯಿತು. ಸಿರುಗುಪ್ಪದ ಅತ್ತೆ ಪಾತ್ರೆಯೊಳಗೆ ಇಣುಕಿ, “ಮೊದ್ಲು ಹಣ್ಣು ತುಪ್ಪದಾಗ ಬೇಯಿಸ್ಬೇಕವ್ವ, ಆರಿದ ಮ್ಯಾಲೆ ಹಾಲು” ಅಂದರು. ಅಂಜೂರದ ಹಾಲಿನಲ್ಲಿ ಫಿಸಿನ್ ಎಂಬ ಕಿಣ್ವವಿದೆ, ಹಾಲು ಹೆಪ್ಪುಗಟ್ಟಿಸುವುದು ಅದರ ಗುಣ. ಹಳೆಯ ಗ್ರೀಕರು ಅದರಿಂದಲೇ ಗಿಣ್ಣು ಕಟ್ಟುತ್ತಿದ್ದರು. ಚೆನ್ನಾಗಿ ಬೆಂದರೆ ಕಿಣ್ವ ಸಾಯುತ್ತದೆ. ಅತ್ತೆಗೆ ಈ ಹೆಸರು ಬೇಕಿರಲಿಲ್ಲ.

ಅಂದಿನಿಂದ ನನ್ನ ಕ್ರಮ ಅದೇ. ಎಂಟು ಹಣ್ಣು ಸೀಳಿ, ಎರಡು ಚಮಚ ತುಪ್ಪದಲ್ಲಿ ಮುದ್ದೆಯಾಗುವತನಕ ಬಾಡಿಸಿ ಆರಲು ಬಿಡುತ್ತೇನೆ. ತುಂಗಭದ್ರಾ ಕಾಲುವೆ ನೀರಿನಲ್ಲಿ ಬೆಳೆದ ಸಿರುಗುಪ್ಪದ ಸೋನಾ ಮಸೂರಿ ಒಂದು ಹಿಡಿ, ಒಂದು ಲೀಟರ್ ಹಾಲಿನಲ್ಲಿ ಅರಳಿ ಬೆಂದು ಉಗುರುಬೆಚ್ಚಗಾದ ಮೇಲೆ ಎರಡನ್ನೂ ಕೂಡಿಸುವುದು. ಬೆಲ್ಲ ಬೇಡ, ಹಣ್ಣಿನದೇ ಸಿಹಿ ಸಾಕು. ಏಲಕ್ಕಿಯನ್ನೂ ನಾನು ಬಿಟ್ಟಿದ್ದೇನೆ. ಅದು ಅಂಜೂರದ ಮೆಲುವಾದ ಪರಿಮಳವನ್ನು ನುಂಗುತ್ತದೆ.

ಆದರೂ ನನ್ನ ಒಲವು ಗೊಜ್ಜಿಗೇ. ದೋರೆ ಹಣ್ಣನ್ನು ಉಪ್ಪುನೀರಿನಲ್ಲಿ ತೊಳೆದು ಹಾಲಿನ ಅಂಟು ಕಳೆಯಬೇಕು, ಕೈಗೆ ತಾಗಿದರೆ ತುರಿಸುತ್ತದೆ. ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆಗೆ ಹೋಳು ಹಾಕಿ, ನಿಂಬೆಗಾತ್ರದ ಹುಣಸೆಯ ರಸ, ಖಾರದಪುಡಿ, ಉಪ್ಪು ಬಿಟ್ಟು ಕುದಿಸುವುದು. ಕೊನೆಗೆ ಹುರಿದು ಕುಟ್ಟಿದ ಗುರೆಳ್ಳು. ಅಂಜೂರದ ಸಣ್ಣ ಬೀಜಗಳು ಹಲ್ಲಿಗೆ ಕರಕರ ಎನ್ನುತ್ತವೆ, ಗುರೆಳ್ಳಿನ ಕಹಿ ಅಂಚು ಆ ಸಿಹಿಯನ್ನು ಹದದಲ್ಲಿ ಇಡುತ್ತದೆ. ಒಣ ಅಂಜೂರ ನೆನೆಸಿ ಇದನ್ನು ಮಾಡಲು ನೋಡಿದ್ದೇನೆ, ಬರೀ ಜಿಗುಟಾಯಿತು.

ಈ ವಾರ ಹಣ್ಣು ಸಿಕ್ಕರೆ ಅಂದೇ ಒಲೆಗೆ ಹಾಕಿ. ಗೊಜ್ಜಿನ ಜೊತೆ ಜೋಳದ ಕಟಿರೊಟ್ಟಿಯೂ ನಡೆದೀತು. ನನಗೆ ಮಾತ್ರ ಆಗಷ್ಟೇ ಬಡಿದ ಬಿಸಿರೊಟ್ಟಿಯೇ ಬೇಕು, ಗೊಜ್ಜು ತಣ್ಣಗಿರಬೇಕು.